ಮಣೆಯ ಮೇಲೆ ಕೂತವಳು

ನನ್ನ ಕಾಯಿಲೆಯನ್ನು ನಮ್ಮ ಮಂದಿ ಮೊದಲು ಪುಣ್ಯ ಎಂದರು, ಆಮೇಲೆ ಸೊಕ್ಕು ಎಂದರು, ಕೊನೆಗೆ ಸುಳ್ಳು ಎಂದರು. ಅದು ಕಾಯಿಲೆ ಎಂದು ಹೇಳುವವರು ಸಿಗುವ ಹೊತ್ತಿಗೆ ನನಗೆ ಹದಿನೈದು ತುಂಬುತ್ತ ಬಂದಿತ್ತು. ಅಷ್ಟರಲ್ಲಿ ಅದು ಸುಳ್ಳೇ ಎಂದು ನಾನೂ ನಂಬಿಬಿಟ್ಟಿದ್ದೆ. ಈಗ ಅಂಕಲಗಿಯಲ್ಲಿ ಮಕ್ಕಳು ಮರಿ ಎಂದು ಸಂಸಾರ ಮಾಡಿಕೊಂಡು ಆರಾಮಾಗಿದ್ದೇನೆ, ಗುಳಿಗೆಯೂ ನಿಂತಿದೆ. ಬರೆಯುವ ಉಸಾಬರಿ ನನಗೆ ಬೇಕಿರಲಿಲ್ಲ. ಆದರೆ ಮೊನ್ನೆ ನಮ್ಮ ಓಣಿಯ ಹೆಣ್ಣುಮಗಳೊಬ್ಬಳು ತನ್ನ ಮಗಳನ್ನು ಕರೆದುಕೊಂಡು ಬಂದಳು. "ಇಕೀ ಕರದ್ರ ಓ ಅನ್ನೂದಿಲ್ರಿ, ನಿಂತಲ್ಲೇ ಕಣ್ಣ ತೇಲಸ್ತಾಳ. ಯಾವದರ ಬೋರ್ಡಿಂಗಿಗೆ ಹಾಕಿದ್ರ ನಾಕ ಮಂದ್ಯಾಗ ಅನಿಸ್ಕೊಂಡು ಸುದ್ಧ ಅಕ್ಕಾಳ ಅಂತಾರ" ಎಂದಳು. ಹುಡುಗಿ ನೆಲ ನೋಡುತ್ತ ನಿಂತಿತ್ತು. ಆ ತಾಯಿಗೆ ನಾನು ಬಾಯಿಂದ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತವರು ಕೊಣ್ಣೂರು. ನಾವು ಜೈನರು. ಹೊಲ ಇತ್ತು, ಜೊತೆಗೆ ಅಪ್ಪ ಕಾಳಿನ ವ್ಯಾಪಾರ ಮಾಡುತ್ತಿದ್ದ. ಮನೆಯ ಕಾರುಬಾರೆಲ್ಲ ಅಪ್ಪನ ತಾಯಿಯದು. ಅವಳನ್ನು ನಾವು ಆಯಿ ಎನ್ನುತ್ತಿದ್ದೆವು. ಆಯಿ ಕುಳ್ಳಿ, ಗಟ್ಟಿ ದನಿಯವಳು, ಇರುವೆ ಸಾಲು ಕಂಡರೆ ಸುತ್ತು ಹಾಕಿ ನಡೆಯುವವಳು. ಮನುಷ್ಯರ ವಿಷಯದಲ್ಲಿ ಮಾತ್ರ ಅಷ್ಟು ಮೆತ್ತಗೆ ಇರುತ್ತಿರಲಿಲ್ಲ.

ಹನ್ನೆರಡು ಹದಿಮೂರರ ಸುಮಾರಿಗೆ ನನಗೆ ಅದು ಶುರುವಾಯಿತು. ಒಳಗಿನಿಂದ ಅದು ಹೇಗಿರುತ್ತದೆ ಎಂದು ಕೇಳಿದರೆ ಹೇಳಲು ಏನೂ ಇಲ್ಲ. ರೊಟ್ಟಿ ಬಡಿಯುತ್ತಿರುತ್ತಿದ್ದೆ, ಬಡಿಯುತ್ತಲೇ ಇರುತ್ತಿದ್ದೆ. ನನ್ನ ಪಾಲಿಗೆ ಅಷ್ಟೇ. ಆದರೆ ನೋಡಿದರೆ ಅವ್ವ ಎದುರಿಗೆ ನಿಂತು ಬಯ್ಯುತ್ತಿರುತ್ತಿದ್ದಳು, ಹಂಚಿನ ಮೇಲಿನ ರೊಟ್ಟಿ ಕರಕಲಾಗಿರುತ್ತಿತ್ತು. ಅವ್ವ ಯಾವಾಗ ಬಂದಳು, ಬೈಗುಳ ಎಲ್ಲಿಂದ ಶುರುವಾಯಿತು, ನನಗೆ ಗೊತ್ತೇ ಆಗುತ್ತಿರಲಿಲ್ಲ. ಹೀಗೆ ದಿನದ ನಡುನಡುವೆ ಸಣ್ಣ ತುಂಡುಗಳನ್ನು ಯಾರೋ ಕತ್ತರಿಸಿ ಒಯ್ಯುತ್ತಿದ್ದರು.

ಬಾಜೂ ಮನೆಯ ಮುದುಕಿ ಒಮ್ಮೆ ಇದನ್ನು ನೋಡಿ, "ಕೂಸಿಗೆ ಹಿಂದಿನ ಜನ್ಮದ ನೆನಪ ಬರಾಕತ್ತೈತಿ, ಪುಣ್ಯಾ ಮಾಡೇತಿ" ಎಂದಳು. ನಮ್ಮ ಮಂದಿಗೆ ಇಂಥದ್ದೆಂದರೆ ಬಲು ನಂಬಿಕೆ. ನಾನು ಹಿಂದೆ ಯಾವ ಊರಿನಲ್ಲಿ, ಯಾರ ಹೊಟ್ಟೆಯಲ್ಲಿ ಹುಟ್ಟಿದ್ದೆ ಎಂದು ಕೇಳಲು ಹೆಂಗಸರು ಬಂದರು. ಆಯಿ ಮಾತ್ರ, "ಈ ಜನ್ಮದಾಗ ಹಾಲ ಉಕ್ಕಸ್ತಾಳ, ಹಿಂದಿನ ಜನ್ಮದಾಗೂ ಅದನ್ನ ಮಾಡಿರ್ಬೇಕು" ಎಂದು ನಗುತ್ತಿದ್ದಳು. ನನಗೆ ಯಾವ ಜನ್ಮದ ನೆನಪೂ ಬರುತ್ತಿಲ್ಲ ಎಂದು ಗೊತ್ತಾದ ಮೇಲೆ ಪುಣ್ಯ ಹೋಗಿ ಸೊಕ್ಕು ಬಂತು. ಸಾಲೆಯಲ್ಲಿ ಪಾಠ ಓದುತ್ತ ಓದುತ್ತ ನಡುವೆ ನಿಲ್ಲಿಸಿ ಮಾಸ್ತರರ ಮುಖವನ್ನೇ ನೋಡುತ್ತ ನಿಂತೆನಂತೆ. ಅವರು ಅಪ್ಪನನ್ನು ಕರೆಸಿ, "ನಿಮ್ಮ ಹುಡಿಗಿ ನನಗ ಕಣ್ಣ ಬಿಡ್ತಾಳ" ಎಂದರು. ಅಪ್ಪ ಮನೆಗೆ ಬಂದು ಎರಡು ಏಟು ಹಾಕಿದ. ಮುಂದೆ ಅದು ರೂಢಿಯಾಯಿತು.

ಆಗ ನಾವು ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದ ಹೊಸತು. ಹೆಣ್ಣುಮಕ್ಕಳನ್ನು ಓದಿಸಬೇಕು, ತಿದ್ದಬೇಕು ಎಂದು ಎಲ್ಲೆಲ್ಲೂ ಹುರುಪು. ಹುಕ್ಕೇರಿಯ ಕಡೆಗೆ ಹುಡುಗಿಯರ ಬೋರ್ಡಿಂಗೊಂದು ಶುರುವಾಗಿತ್ತು. ಅದರ ಹೆಸರು ಬೇಡ. ನಡೆಸುತ್ತಿದ್ದವರು ಈಗಿಲ್ಲ, ಅದೂ ಈಗ ಎಲ್ಲ ಬೋರ್ಡಿಂಗುಗಳ ಹಾಗೆ ಒಂದು ಬೋರ್ಡಿಂಗು. ಎಂಥ ಹಟಮಾರಿ ಹುಡುಗಿಯೂ ಅಲ್ಲಿಗೆ ಹೋದರೆ ಹಾದಿಗೆ ಬರುತ್ತಾಳೆ ಎಂದು ಕೇಳಿ ಅಪ್ಪ ನನ್ನನ್ನು ಅಲ್ಲಿಗೆ ಬಿಟ್ಟು ಬಂದ.

ಒಳ್ಳೆಯದನ್ನೂ ಹೇಳಬೇಕು. ಅಲ್ಲಿ ಎಲ್ಲ ಜಾತಿಯ ಹುಡುಗಿಯರು ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದೆವು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ನಡೆಸುತ್ತಿದ್ದವರನ್ನು ನಾವು ದೊಡ್ಡ ಅಕ್ಕೋರು ಎನ್ನುತ್ತಿದ್ದೆವು. ಖಾದಿ ಸೀರೆ, ಬರಿಗಾಲು. ಯಾರಿಗೂ ಎಂದೂ ಕೈ ಎತ್ತಲಿಲ್ಲ, ದನಿಯನ್ನೂ ಎತ್ತಲಿಲ್ಲ. ಅವರು ಕೆಟ್ಟವರಲ್ಲ. ನಾವು ಗಟ್ಟಿ ಹೆಂಗಸರಾಗಬೇಕು ಎಂದು ಅವರಿಗೆ ಖರೆಯಾಗಿಯೂ ಆಸೆ ಇತ್ತು.

ದಿನಾ ದೀಪ ಹಚ್ಚುವ ಹೊತ್ತಿಗೆ ಕನ್ನಡಿ ಸಭೆ ಎಂದು ನಡೆಯುತ್ತಿತ್ತು. ಎಲ್ಲರೂ ಸುತ್ತ ಕೂಡುವುದು, ನಡುವೆ ಒಂದು ಮಣೆ. ಅಕ್ಕೋರು ಯಾರ ಹೆಸರು ಕರೆಯುತ್ತಾರೋ ಅವಳು ಮಣೆಯ ಮೇಲೆ ಕೂಡಬೇಕು. ಉಳಿದವರು ಒಬ್ಬೊಬ್ಬರಾಗಿ ಅವಳ ಮುಖ ನೋಡಿ ಅವಳ ತಪ್ಪು ಹೇಳಬೇಕು. ಅವಳು ಅಳುವ ಹಾಗಿಲ್ಲ, ಎದುರು ಮಾತಾಡುವ ಹಾಗಿಲ್ಲ. ಎಲ್ಲರದೂ ಮುಗಿದ ಮೇಲೆ "ಖರೆ ಐತ್ರಿ" ಎನ್ನಬೇಕು. ಹೇಳಲು ತಪ್ಪು ಸಿಗದೆ ಸುಮ್ಮನೆ ಕೂತವಳಿಗೆ ಮರುದಿನ ಮಣೆ. ಹೀಗಾಗಿ ಯಾರೂ ಸುಮ್ಮನೆ ಕೂಡುತ್ತಿರಲಿಲ್ಲ. ಹಗಲೆಲ್ಲ ಗೆಳತಿಯರ ಜೊತೆ ನೀರು ಸೇದುತ್ತ, ಕಸ ಗುಡಿಸುತ್ತ, ಸಂಜೆಗೆ ಇವಳದು ಏನು ಹೇಳಲಿ ಎಂದು ಹುಡುಕುತ್ತ ಇರುತ್ತಿದ್ದೆವು.

ಮೊದಲ ಸಲ ಕೂತಾಗ ನಾನು ಅತ್ತೆ. ಅಕ್ಕೋರು ತಲೆ ಸವರಿ, "ಇಲ್ಲಿ ಯಾರೂ ನಿನ್ನ ಬಯ್ಯೂದಿಲ್ಲ ಚಂಪಾ. ನಾವೆಲ್ಲಾರೂ ನಿನಗ ಕನ್ನಡಿ ಆಗೇವಿ. ಕನ್ನಡಿ ಮ್ಯಾಲ ಯಾರರ ಸಿಟ್ಟಿಗೇಳ್ತಾರೇನು?" ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಈಗ ಹೊಳೆಯುತ್ತದೆ. ಕನ್ನಡಿ ತನ್ನ ಸರದಿಗೆ ಹೆದರಿಕೊಂಡು ಏನೇನೋ ತೋರಿಸುವುದಿಲ್ಲ.

ಅಲ್ಲಿ ನನ್ನ ಕಾಯಿಲೆ ಹೆಚ್ಚಾಯಿತು. ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಉಸಿರಾಟದ ಕಸರತ್ತು ಇರುತ್ತಿತ್ತು. ಒಂದೇ ಸಮನೆ ಜೋರಾಗಿ ಉಸಿರು ಎಳೆದು ಬಿಡುವುದು. ಅದರ ನಡುವೆಯೇ ನಾನು ನಿಂತು ಹೋಗುತ್ತಿದ್ದೆ, ಕಣ್ಣು ತೆರೆದೇ, ಅಕ್ಕೋರ ಕಡೆ ಮುಖ ಮಾಡಿಯೇ. ಮನೆಯಲ್ಲಿ ಆಗೊಮ್ಮೆ ಈಗೊಮ್ಮೆ ಆಗುತ್ತಿದ್ದದ್ದು ಇಲ್ಲಿ ದಿನಾ ಆಗತೊಡಗಿತು. ಕಸರತ್ತು ತಪ್ಪಿಸಿಕೊಳ್ಳಲು ನಾಟಕ ಮಾಡುತ್ತಾಳೆ ಎಂದು ಎಲ್ಲರಿಗೂ ಅನ್ನಿಸಿತು. ಅವರ ಜಾಗದಲ್ಲಿ ಇದ್ದರೆ ನನಗೂ ಹಾಗೇ ಅನ್ನಿಸುತ್ತಿತ್ತು. ಸಂಜೆಯ ಮಣೆ ನನ್ನದೇ ಆಯಿತು.

ಒಬ್ಬಳು ಮಾತ್ರ ಬೇರೆ ಇದ್ದಳು. ಮೂಡಲಗಿಯ ಬಾಜೂಕ ಮಸಗುಪ್ಪಿ ಎಂಬ ಹಳ್ಳಿಯಿಂದ ಬಂದ ಶಾಂತಾ. ತನ್ನ ಪಾಳಿ ಬಂದಾಗ ಪ್ರತಿ ಸಲ ಅವಳು ನನ್ನ ಮೇಲೆ ಹೇಳುತ್ತಿದ್ದ ತಪ್ಪು ಒಂದೇ. "ಚಂಪಾ ಜಡಿ ಸಡಿಲ ಹೆಣೀತಾಳ್ರಿ." ಬಲು ಗಂಭೀರ ಮುಖ ಮಾಡಿ ಹೇಳುತ್ತಿದ್ದಳು. ನನ್ನ ಜಡೆ ಬಿಗಿಯಾಗಿಯೇ ಇರುತ್ತಿತ್ತು. ಮೊದಲು ನನಗೆ ಸಿಟ್ಟು ಬಂತು, ಆಮೇಲೆ ತಿಳಿಯಿತು. ಸುಮ್ಮನೆ ಕೂಡುವಂತಿಲ್ಲವಲ್ಲ, ಅದಕ್ಕೆ ಯಾರಿಗೂ ನೋಯದಂಥ ತಪ್ಪೊಂದನ್ನು ಅವಳು ಹುಡುಕಿ ಇಟ್ಟುಕೊಂಡಿದ್ದಳು. ಅವಳು ಮಣೆಗೆ ಬಂದಾಗ ನಾನೂ, "ಶಾಂತಾ ಉಣ್ಣುವಾಗ ಸಪ್ಪಳ ಮಾಡ್ತಾಳ್ರಿ" ಎನ್ನುತ್ತಿದ್ದೆ. ಇದರ ಬಗ್ಗೆ ನಾವಿಬ್ಬರೂ ಒಮ್ಮೆಯೂ ಮಾತಾಡಿಕೊಳ್ಳಲಿಲ್ಲ. ಆ ವರ್ಷ ನಾನು ಬದುಕಿದ್ದು ಅರ್ಧ ಅವಳ ಆ ಜಡೆಯ ಮಾತಿನ ಮೇಲೆ.

ಅಪ್ಪ ನೋಡಲು ಬಂದಾಗ ಹೇಳಲು ಬಾಯಿ ತೆರೆದೆ. "ಅಪ್ಪಾ, ಇಲ್ಲಿ ದಿನಾ ಸಂಜೀಕ ನಮ್ಮ ನಮ್ಮ ತಪ್ಪ ಹೇಳಸ್ತಾರ" ಎಂದೆ. ಅಪ್ಪನ ಮುಖ ಅರಳಿತು. ಊರಿಗೆ ಹೋಗಿ ಆಯಿಗೆ ಹೇಳಿದ. ಆಯಿಗಂತೂ ಹಿಗ್ಗೋ ಹಿಗ್ಗು. ನಮ್ಮಲ್ಲಿ ಪ್ರತಿಕ್ರಮಣ ಎಂದು ಇದೆ. ಸಂಜೆಗೆ ಒಬ್ಬರೇ ಕೂತು, ಆ ದಿನ ನಮ್ಮಿಂದ ಯಾವ ಜೀವಕ್ಕೆ ನೋವಾಯಿತು, ಹುಳಕ್ಕೆ, ಹುಪ್ಪಡಿಗೆ, ನೀರಿಗೆ, ಮಣ್ಣಿಗೆ ಕೂಡ, ಎಂದು ನೆನೆಸಿಕೊಂಡು ಕೈ ಮುಗಿಯುವುದು. ಆಯಿ ಎಂದೂ ಅದನ್ನು ತಪ್ಪಿಸಿದವಳಲ್ಲ. ಬೇರೆ ಜಾತಿಯವರು ನಡೆಸುವ ಬೋರ್ಡಿಂಗಿನಲ್ಲಿ ನಮ್ಮ ಮೊಮ್ಮಗಳಿಗೆ ಪ್ರತಿಕ್ರಮಣ ಮಾಡಿಸುತ್ತಾರಂತೆ ಎಂದು ಬಸದಿಗೆ ಹೋದಾಗೆಲ್ಲ ಹೇಳಿಕೊಂಡಳಂತೆ. ಜೈನರ ಮನೆಯಲ್ಲಲ್ಲದೆ ಬೇರೆಲ್ಲೂ ಈ ತಪ್ಪು ತಿಳುವಳಿಕೆ ಆಗುತ್ತಿರಲಿಲ್ಲ. ಬೇರೆಯವರಾಗಿದ್ದರೆ, ದಿನಾ ಅದೇನು ತಪ್ಪು ಹೇಳಿಸುತ್ತಾರೆ ನನ್ನ ಮಗಳಿಂದ ಎಂದು ಕೇಳುತ್ತಿದ್ದರು. ಅಪ್ಪ ಮುಂದಿನ ಸಲ ಬಂದಾಗ, "ಆಯಿಗೆ ಭಾಳ ಆನಂದ ಆಗೇತಿ, ಚೊಲೋತ್ನಂಗ ಕಲಿ" ಎಂದು ಹೇಳಿ ಹೋದ. ಮುಂದೆ ನಾನು ಹೇಳುವುದನ್ನೇ ಬಿಟ್ಟೆ.

ಚಳಿಗಾಲ ಕಳೆದು ಒಂದು ಸಂಜೆ ಅಕ್ಕೋರು ಎಲ್ಲರ ಪಾಳಿ ಮುಗಿಸಿ ನನ್ನ ಎದುರಿಗೆ ತಾವೇ ಬಂದು ಕೂತರು. "ಒಂದ ಮಾತು ಹೇಳು, ಇನ್ನ ಮುಂದ ನಿನಗ ಮಣಿ ಇಲ್ಲ. ಬೇಕಂತ ಮಾಡ್ತೀ, ಹೌದಿಲ್ಲೊ?" ಎಂದರು. ನಾನು ಇಲ್ಲ ಎಂದೆ. ಸುತ್ತ ಕೂತವರು ಒಬ್ಬೊಬ್ಬರಾಗಿ, "ಹೇಳ ಚಂಪಾ, ಹೇಳಿಬಿಡ" ಎನ್ನತೊಡಗಿದರು. ಅವರಿಗೂ ಹಸಿವೆಯಾಗಿತ್ತು, ಊಟ ಕಾದಿತ್ತು. ಕೊನೆಗೆ ನಾನು, "ಹೌದ್ರಿ, ಬೇಕಂತ ಮಾಡ್ತೇನ್ರಿ" ಎಂದೆ. ಎಲ್ಲರೂ ಚಪ್ಪಾಳೆ ಹೊಡೆದರು. ಅಕ್ಕೋರು ನನ್ನನ್ನು ಅಪ್ಪಿಕೊಂಡು ತಮ್ಮ ಕೈಯಾರೆ ಕರದಂಟಿನ ತುಂಡು ಬಾಯಿಗಿಟ್ಟರು. ಅಂಥ ಪ್ರೀತಿ ಆ ವರ್ಷ ನನಗೆ ಸಿಕ್ಕಿರಲೇ ಇಲ್ಲ, ಅದಕ್ಕೆ ಅಳುತ್ತ ಅಳುತ್ತ ತಿಂದೆ. ಗೋಕಾಕ ಸೀಮೆಯವಳಾಗಿ ಕರದಂಟು ಮುಟ್ಟದವಳು ನೀನೊಬ್ಬಳೇ ಎಂದು ನನ್ನ ಗಂಡ ಇವತ್ತಿಗೂ ಚೇಷ್ಟೆ ಮಾಡುತ್ತಾನೆ.

ಮರುದಿನ ಬೆಳಿಗ್ಗೆ ಕಸರತ್ತಿನಲ್ಲಿ ಅದು ಮತ್ತೆ ಬಂತು, ಸಂಜೆಗೆ ಮಣೆಯೂ ಮತ್ತೆ ಬಂತು. ಆ ಹೊತ್ತಿನ ಹೆದರಿಕೆಯನ್ನು ಹೇಗೆ ಬರೆಯಲಿ? ಅಲ್ಲಿಯವರೆಗೆ ಬೇರೆಯವರು ನನ್ನನ್ನು ಸುಳ್ಳಿ ಎನ್ನುತ್ತಿದ್ದರು, ನನಗೆ ಮಾತ್ರ ನಾನು ಅಲ್ಲ ಎಂದು ಗೊತ್ತಿತ್ತು. ಈಗ ನಾನೇ ಒಪ್ಪಿಕೊಂಡಿದ್ದೆ. ಒಪ್ಪಿಕೊಂಡ ಮೇಲೂ ನಿಲ್ಲಿಸಲಿಲ್ಲ ಎಂದರೆ ನನ್ನಷ್ಟು ಕೆಟ್ಟವಳು ಯಾರಿದ್ದಾರು? ನನ್ನೊಳಗೆ ಇನ್ನೊಬ್ಬಳು ಕೂತು ಬೇಕೆಂದೇ ಮಾಡುತ್ತಿದ್ದಾಳೆ ಎಂದು ನಂಬಿದೆ. ಅವಳನ್ನು ಹಿಡಿಯಲು ಹಗಲೆಲ್ಲ ನನ್ನನ್ನು ನಾನೇ ಕಾಯುತ್ತಿದ್ದೆ. ಒಮ್ಮೆ ಅಡುಗೆಮನೆಯಲ್ಲಿ ಕುದಿಯುವ ಬೇಳೆಯ ಪಾತ್ರೆ ಹಿಡಿದಾಗಲೇ ಅದು ಬಂದು, ಕಾಲ ಮೇಲೆ ಚೆಲ್ಲಿತು. ಬೊಬ್ಬೆ ಎದ್ದರೂ ಯಾರಿಗೂ ಹೇಳಲಿಲ್ಲ. ಹೇಳಿದರೆ ಸಂಜೆಗೆ ಅದೂ ಒಂದು ತಪ್ಪು.

ಭಾದ್ರಪದದಲ್ಲಿ ನಮ್ಮ ದಶಲಕ್ಷಣ ಪರ್ವ. ಹತ್ತು ದಿನ ಉಪವಾಸ, ಪೂಜೆ. ಅದು ಮುಗಿದ ಮೇಲೆ ಕ್ಷಮಾವಾಣಿ. ಆ ದಿನ ಮನೆಯವರೆಲ್ಲ ಒಬ್ಬರಿಗೊಬ್ಬರು ಕೈಮುಗಿದು, ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಕ್ಷಮಿಸು ಎಂದು ಬೇಡಿಕೊಳ್ಳುವುದು. ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹಿರಿಯರು ಮೊದಲು ಬೇಡಬೇಕು, ಅದೂ ಎಲ್ಲರಿಗಿಂತ ಚಿಕ್ಕವರಿಂದ ಶುರು ಮಾಡಬೇಕು. ಬೋರ್ಡಿಂಗಿನಿಂದ ನನ್ನನ್ನು ಪರ್ವಕ್ಕೆ ಕಳಿಸಿದ್ದರು.

ಆಯಿ ಬಸದಿಯಿಂದ ಬಂದು ಪಡಸಾಲೆಯಲ್ಲಿ ನನ್ನ ಎದುರಿಗೆ ನಿಂತು ಎರಡೂ ಕೈ ಮುಗಿದಳು. "ಚಂಪಾ, ನನ್ನಿಂದ ಏನರ ತಪ್ಪಾಗಿದ್ರ ಕ್ಷಮಾ ಮಾಡವಾ" ಎಂದಳು. ಸುತ್ತ ಅಪ್ಪ, ಅವ್ವ, ಕಾಕಾ ನಿಂತಿದ್ದರು. ನಾನು ಏನು ಮಾಡಿದೆ ಎಂದರೆ, ಗೋಡೆಗೆ ಒರಗಿಸಿದ್ದ ಊಟದ ಮಣೆಯನ್ನು ತಂದು ನಡುವೆ ಹಾಕಿಕೊಂಡು, ಮೊಣಕಾಲ ಮೇಲೆ ಕೈ ಇಟ್ಟು, ತಲೆ ತಗ್ಗಿಸಿ ಕೂತೆ.

"ಯಾಕವಾ, ಅಲ್ಯಾಕ ಕುಂತಿ?" ಎಂದಳು ಆಯಿ.

"ಹೇಳ್ರಿ" ಎಂದೆ.

"ಏನ ಹೇಳೂದು?"

"ನನ್ನ ತಪ್ಪ ಹೇಳ್ರಿ. ನಾ ಅಳೂದಿಲ್ಲ."

ನಾನೇ ಶುರು ಮಾಡಲಿ ಎಂದು ಕಾಯುತ್ತಿದ್ದಾರೆ ಎಂದುಕೊಂಡೆ. "ನಾ ಸುಳ್ಳಿ. ನಾ ಸೊಕ್ಕಿನಾಕಿ. ಬೇಕಂತ ಕಣ್ಣ ನಿಲ್ಲಸ್ತೇನಿ. ಎಲ್ಲಾರಿಗೂ ತ್ರಾಸ ಕೊಡ್ತೇನಿ. ಖರೆ ಐತ್ರಿ" ಎಂದು ಬಾಯಿಪಾಠ ಒಪ್ಪಿಸಿದೆ. ಅವ್ವ ಸೆರಗು ಬಾಯಿಗೆ ಇಟ್ಟುಕೊಂಡಳು. ನಾನು ಕೂತಾಗ ಲಂಗ ಮೇಲೆ ಸರಿದು ಕಾಲಿನ ಸುಟ್ಟ ಕಲೆ ಅವಳಿಗೆ ಕಂಡಿತ್ತು.

ಆಯಿ ನೆಲಕ್ಕೆ ಕೂತಳು. ಅವಳ ಗಟ್ಟಿ ದನಿ ಎಲ್ಲಿ ಹೋಯಿತೋ. "ನನ್ನ ಮಾರಿ ನೋಡು. ನೀ ಬೇಕಂತ ಮಾಡ್ತಿಯೇನ?" ಎಂದು ಮೆಲ್ಲಗೆ ಕೇಳಿದಳು.

"ಗೊತ್ತಿಲ್ಲ ಆಯಿ" ಎಂದೆ. ಆ ಹೊತ್ತಿಗೆ ನನ್ನಲ್ಲಿ ಉಳಿದಿದ್ದ ಖರೆ ಮಾತು ಅದೊಂದೇ.

ಬೋರ್ಡಿಂಗಿನಲ್ಲಿ ಏನು ನಡೆಯುತ್ತದೆ ಎಂದು ಅವಳು ನನ್ನಿಂದ ಒಂದೊಂದಾಗಿ ಕೇಳಿದಳು. ಕೇಳಿ ಮುಗಿದ ಮೇಲೆ ಅಪ್ಪನ ಕಡೆ ತಿರುಗಿದಳು. "ಇದನ್ನ ಪ್ರತಿಕ್ರಮಣ ಅಂತ ತಿಳಿದು ನಾ ಊರ ತುಂಬ ಡಂಗುರ ಹೊಡದೆ. ತನ್ನ ತಪ್ಪ ತಾ ನೆನಸೂದು ಅದು. ಮಂದಿ ಹೇಳಿ ಬಾಯಾಗ ತುರಕೂದಲ್ಲ. ನಾಳೆ ಗಾಡಿ ಹೂಡು."

"ಹುಕ್ಕೇರಿಗೇನ?" ಎಂದ ಅಪ್ಪ.

"ಗೋಕಾಕಕ್ಕ. ದಾಕ್ತರ ಕಡೆ. ಕೂಸಿಗೇ ಗೊತ್ತಿಲ್ಲಂದ್ರ ಗೊತ್ತಿದ್ದಾವರ್ನ ಕೇಳೋಣ."

ಗೋಕಾಕದ ಪೇಟೆಯಲ್ಲಿ ಆ ಡಾಕ್ಟರರ ದವಾಖಾನೆ. ಹೊರಗೆ ಮೂರೂ ಕಡೆ ಗೋಡೆಗೆ ಹತ್ತಿ ಕೂಡಲು ಬಾಕು ಹಾಕಿದ್ದರು, ಮಂದಿ ಸುತ್ತ ಕೂತಿದ್ದರು. ಸುತ್ತ ಕೂತ ಮಂದಿಯನ್ನು ಕಂಡದ್ದೇ ನಾನು ಆಯಿಯ ಸೆರಗು ಹಿಡಿದೆ. ಔಷಧಕ್ಕೆಂದು ಮನೆಯಿಂದ ತಂದ ಖಾಲಿ ಬಾಟಲಿ ಹಿಡಿದು ಎಲ್ಲರೂ ಕಾಯುತ್ತಿದ್ದರು, ಒಳಗೆ ಕಂಪೌಂಡರ ಡೋಸಿನ ಕಾಗದ ಕತ್ತರಿಸಿ ಬಾಟಲಿಗೆ ಅಂಟಿಸುತ್ತಿದ್ದ. ನನ್ನ ಬಾಜೂಕ ಕೆಮ್ಮುವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡ ಒಬ್ಬ ಹೆಂಗಸು ಚುರುಮುರಿ ತಿನ್ನುತ್ತಿದ್ದಳು. ನನಗೂ ಒಂದು ಹಿಡಿ ಕೊಟ್ಟು, "ಏನಾಗೇತವಾ ನಿನಗ?" ಎಂದಳು.

"ಸುಳ್ಳ ಹೇಳ್ತೇನ್ರಿ" ಎಂದೆ.

ಅವಳು ಕಣ್ಣು ಅಗಲಿಸಿದಳು. "ಸುಳ್ಳಿಗೂ ಇವರ ಕಡೆ ಔಷಧ ಐತೇನ? ಹಂಗಾರ ನನ್ನ ಗಂಡಗೂ ಒಂದ ಬಾಟ್ಲಿ ಒಯ್ತೇನಿ ತಡಿ" ಎಂದಳು. ಬಾಕಿನ ಮೇಲಿದ್ದವರೆಲ್ಲ ನಕ್ಕರು. ಆಯಿಯೂ ನಕ್ಕಳು. ಅವರು ನಕ್ಕದ್ದು ನನ್ನ ಮೇಲಲ್ಲ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಡಾಕ್ಟರರು ನರೆಗೂದಲಿನವರು, ಕನ್ನಡದ ನಡುವೆ ಮರಾಠಿ ಬೆರೆಸಿ ಮಾತಾಡುವವರು. ಆಯಿ ಹೇಳಿದ್ದನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿದರು. ಬೆಳಗಿನ ಕಸರತ್ತಿನ ಮಾತು ಬಂದಾಗ ಮಾತ್ರ ಕೈ ಎತ್ತಿ ನಿಲ್ಲಿಸಿ, "ಉಸರಾಟದ ಕಸರತ್ತಿನ್ಯಾಗೇನು?" ಎಂದು ಕೇಳಿದರು. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಕೈಗೆ ಪೆನ್ಸಿಲ್ ಕೊಟ್ಟು, "ಒಲಿ ಊದ್ತಾರಲ್ಲ, ಹಂಗ ಊದು ನೋಡೋಣ. ನಾ ಸಾಕು ಅನ್ನೂತನಾ ಬಿಡಬ್ಯಾಡ" ಎಂದರು. ನಾನು ಊದತೊಡಗಿದೆ. ತಲೆ ಹಗುರಾಯಿತು, ತುಟಿ ಜುಮ್ಮೆಂದಿತು. ಊದುತ್ತಲೇ ಇದ್ದೆ.

ನೋಡುತ್ತೇನೆ, ಪೆನ್ಸಿಲ್ ನೆಲದ ಮೇಲಿದೆ. ಅಪ್ಪ ಗೋಡೆಗೆ ಅಂಟಿಕೊಂಡು ನಿಂತಿದ್ದಾನೆ. ಆಯಿಯ ಕಣ್ಣಲ್ಲಿ ನೀರು. ಡಾಕ್ಟರರು ನನ್ನ ಕೈ ಹಿಡಿದಿದ್ದಾರೆ.

"ನಾ ಈಗ ನಿನಗ ಏನ ಕೇಳಿದೆ?"

"ಏನೂ ಕೇಳಿಲ್ರಿ."

"ಹೆಸರ ಹಿಡದ ಕರದೆ. ಚಿವುಟಿದೆ ಸೈತ." ನನ್ನ ತೋಳು ಕೆಂಪಗಾಗಿತ್ತು. ನಾನು ತಲೆ ತಗ್ಗಿಸಿದೆ. ಮುಂದಿನ ಮಾತು ಏನೆಂದು ನನಗೆ ಗೊತ್ತಿತ್ತು. ಆದರೆ ಅವರು ನನಗಲ್ಲ, ಅಪ್ಪನಿಗೆ ಹೇಳಿದರು. "ಇದು ಫಿಟ್ಸ್‌ನ್ಯಾಗ ಒಂದ ಜಾತಿ. ಕೆಡವೂದಿಲ್ಲ, ಒಂದ ಗಳಿಗಿ ಮನಷ್ಯಾನ್ನ ಆ ಕಡೆ ಒಯ್ದು ತಂದ ಬಿಡತೈತಿ. ನಾ ಚಿವುಟಿದಾಗ ನಿಮ್ಮ ಮಗಳು ಇಲ್ಲಿ ಇದ್ದೇ ಇಲ್ಲ. ಇಲ್ಲದಾಕಿ ಸುಳ್ಳ ಹೆಂಗ ಹೇಳ್ತಾಳ್ರಿ?"

ಅಪ್ಪ ಮುಂದೆ ಬಂದು ನನ್ನ ಕೆಂಪಾದ ತೋಳು ನೋಡಿದ. ಆಮೇಲೆ, "ನಾ ಇಕೀನ್ನ ಬಡದೇನ್ರಿ" ಎಂದ.

"ಎಲ್ಲಾರೂ ಬಡೀತಾರ. ಇನ್ನ ಬಡೀಬ್ಯಾಡ್ರಿ" ಎಂದರು ಡಾಕ್ಟರರು, ಚೀಟಿ ಬರೆಯುತ್ತ.

ರೋಗ ಇದೆ ಎಂದು ಕೇಳಿ ಹಿಗ್ಗಿದವರು ಲೋಕದಲ್ಲಿ ಎಷ್ಟು ಮಂದಿ ಇದ್ದಾರೋ, ನಾನಂತೂ ಹಿಗ್ಗಿದೆ. ಎದೆಯ ಮೇಲಿನ ಬೀಸುಕಲ್ಲು ಎತ್ತಿಟ್ಟ ಹಾಗಾಯಿತು. ಗಾಡಿಯಲ್ಲಿ ಮನೆಗೆ ಬರುವ ದಾರಿಯೆಲ್ಲ ನನಗೆ ನಗು ತಡೆಯಲಾಗಲಿಲ್ಲ, ಆಯಿ ನನ್ನ ತಲೆಯನ್ನು ತನ್ನ ತೊಡೆಯ ಮೇಲೆ ಒತ್ತಿ ಹಿಡಿದಿದ್ದಳು. ಮನೆಯಲ್ಲಿ ಅವ್ವ ಮಾತ್ರ ಫಿಟ್ಸ್ ಎಂಬ ಶಬ್ದ ಕೇಳಿ ಲಗ್ನ ಹೇಗಾಗುತ್ತದೋ ಎಂದು ಅತ್ತಳು.

ಆಯಿ ತಾನೇ ಹುಕ್ಕೇರಿಗೆ ಹೋಗಿ ನನ್ನ ಟ್ರಂಕು ತಂದಳು. ಜೊತೆಗೆ ಹೋಗಿದ್ದ ಅಪ್ಪ ಬಂದು ಹೇಳಿದ್ದು ಇಷ್ಟು. ಆಯಿ ಡಾಕ್ಟರರ ಮಾತು ತಿಳಿಸಿದಳಂತೆ. ಅಕ್ಕೋರು ಮುಖ ಸಣ್ಣ ಮಾಡಿಕೊಂಡು, "ಮನಸ್ಸು ಗಟ್ಟಿ ಆಗ್ಲಿ ಅಂತ ಮಾಡಿದ್ವಿ ಅಮ್ಮಾರ" ಎಂದರಂತೆ. ಆಯಿ, "ಆ ಮಣೀ ಮ್ಯಾಲ ನೀವು ಎಂದರ ಕುಂತೀರೇನ್ರಿ?" ಎಂದು ಕೇಳಿದಳಂತೆ. ಆಯಿ ಉತ್ತರಕ್ಕೆ ಕಾಯದೆ ಟ್ರಂಕು ಎಲ್ಲಿದೆ ಎಂದು ಕೇಳಿ ಎತ್ತಿಸಿಕೊಂಡು ಬಂದಳು.

ಗುಳಿಗೆ ಗೋಕಾಕದಲ್ಲಿ ಸಿಗುತ್ತಿರಲಿಲ್ಲ. ವ್ಯಾಪಾರಕ್ಕೆ ಹೋದಾಗ ಅಪ್ಪ ಮಿರಜಿನಿಂದ ತರುತ್ತಿದ್ದ. ಮುಂಜಾನೆ ಒಂದು, ರಾತ್ರಿ ಮಲಗುವಾಗ ಒಂದು ಎಂದಿದ್ದರು ಡಾಕ್ಟರರು. ಬೋರ್ಡಿಂಗಿನಲ್ಲಿ ಹೇಗೋ ನಡೆದಿತ್ತು, ಆದರೆ ಹೊತ್ತು ಮುಳುಗಿದ ಮೇಲೆ ನಮ್ಮ ಮನೆಯಲ್ಲಿ ನೀರೂ ಬಾಯಿಗೆ ಹೋಗುವಂತಿಲ್ಲ. ಆಯಿ ಮತ್ತೆ ಗೋಕಾಕಕ್ಕೆ ಹೋಗಿ ಚೌಕಾಸಿಗೆ ನಿಂತಳು. ಕೊನೆಗೆ ಡಾಕ್ಟರರೇ ಸೋತು, "ಆತು, ಸೂರ್ಯಾ ಮುಳುಗೂದ್ರಾಗ ಕೊಡ್ರಿ, ಆದ್ರ ಒಂದ ದಿನಾನೂ ತಪ್ಪ್ಸಬ್ಯಾಡ್ರಿ" ಎಂದರು. ಮೊದಲ ಕೆಲವು ವಾರ ತಲೆ ಭಾರವಾಗಿ ಅಂಬಲಿ ಕುಡಿಯುತ್ತಲೇ ತೂಕಡಿಸುತ್ತಿದ್ದೆ. ಆಮೇಲಾಮೇಲೆ ಅದು ಬರುವುದು ತೆಳುವಾಯಿತು. ಅವ್ವ ಒಲೆಯ ಮುಂದಿನಿಂದ ಇದ್ದಕ್ಕಿದ್ದ ಹಾಗೆ "ಚಂಪಾ!" ಎನ್ನುತ್ತಿದ್ದಳು. "ಓ" ಎಂದರೆ, "ಏನಿಲ್ಲ, ಹಂಗ ಕರದೆ" ಎನ್ನುತ್ತಿದ್ದಳು. ದಿನಕ್ಕೆ ಎಷ್ಟೋ ಸಲ. ಪ್ರತಿ ಓ ಕೇಳಿದಾಗಲೂ ಅವಳ ಮುಖ ಅರಳುತ್ತಿತ್ತು.

ಆದರೆ ಮಣೆ ಹತ್ತಿಸಿದ ರೋಗಕ್ಕೆ ಮಿರಜಿನಲ್ಲೂ ಗುಳಿಗೆ ಇರಲಿಲ್ಲ. ನಾಲ್ಕು ಹೆಂಗಸರು ಸುತ್ತ ಕೂತು ಶ್ಯಾವಿಗೆ ಹೊಸೆಯುತ್ತಿದ್ದರೂ ನಾನು ಹಿತ್ತಲಿಗೆ ಓಡುತ್ತಿದ್ದೆ. ಯಾರೇ ಏನೇ ಅಂದರೂ ಒಪ್ಪಿಕೊಂಡುಬಿಡುತ್ತಿದ್ದೆ. ಒಮ್ಮೆ ಮೋಟಾರಿನಲ್ಲಿ ಕಂಡಕ್ಟರ, "ಏ ಹುಡಿಗಿ, ಟಿಕೀಟ ತಗೊಂಡಿಲ್ಲ ನೀ" ಎಂದಾಗ ಟಿಕೀಟನ್ನು ಕೈಯಲ್ಲಿ ಹಿಡಿದುಕೊಂಡೇ "ಖರೆ ಐತ್ರಿ" ಎಂದೆ. ಅಪ್ಪ ನನ್ನ ಮುಷ್ಟಿ ಬಿಡಿಸಿ ತೋರಿಸಬೇಕಾಯಿತು.

ಅದಕ್ಕೆ ಔಷಧ ಹುಡುಕಿದವಳು ಆಯಿ. ಮಧ್ಯಾಹ್ನ ಕಾಳು ಹಸನು ಮಾಡುತ್ತ ಕೂತಾಗ ಸುಮ್ಮಸುಮ್ಮನೆ, "ಡಬ್ಬ್ಯಾಗಿನ ಬೆಲ್ಲ ನೀನ ತಿಂದಿ" ಎನ್ನುತ್ತಿದ್ದಳು. ನಾನು ರೂಢಿಯಂತೆ ಹೌದು ಎಂದರೆ ತಲೆಗೊಂದು ಮೊಟಕು. "ತಿಂದಿಲ್ಲ ಅಂದ್ರ ಇಲ್ಲ ಅನ್ನು." "ಇಲ್ಲ ಆಯಿ." "ಜೋರ ಹೇಳು." "ಇಲ್ಲ ಆಯಿ!" ದಿನ ಕಳೆದ ಹಾಗೆ ಆರೋಪಗಳು ಬೆಳೆದವು. ಹೊಳೆಯ ನೀರೆಲ್ಲ ನೀನೇ ಕುಡಿದೆ, ಗೋಕಾಕ ಫಾಲ್ಸಿನ ಕಲ್ಲು ನೀನೇ ಕದ್ದೆ, ಬಸದಿಯ ಮುಂದಿನ ಕಂಬ ನುಂಗಿದೆ. ನಾನು ಇಲ್ಲ ಇಲ್ಲ ಎಂದು ಕಿರುಚುತ್ತ ನಗುತ್ತಿದ್ದೆ. ಓಣಿಯವರು ಈ ಮನೆಯಲ್ಲಿ ರೋಗ ಯಾರಿಗೆ ಎಂದು ಕೇಳುವ ಹಾಗಾಯಿತು.

ಹೀಗೆ ಕೆಲವು ವರ್ಷ ಹೋಗಿ ನನ್ನನ್ನು ನೋಡಲು ಅಂಕಲಗಿಯಿಂದ ಬರುತ್ತಾರೆ ಎಂದಾಯಿತು. ಗುಳಿಗೆಯ ಸುದ್ದಿ ಎತ್ತಬಾರದು ಎಂದು ಕಾಕಾ, ಅವ್ವ ಇಬ್ಬರೂ ಗಟ್ಟಿ ಮಾಡಿದರು. ಅಪ್ಪ ಅರೆಮನಸ್ಸಿನಿಂದ ಹೂಂ ಎಂದ. ಎಲ್ಲರೂ ಆಯಿಯನ್ನು ನೋಡಿದರು. "ಹೇಳೂದು ಬಿಡೂದು ಆಕೀಗೆ ಸೇರಿದ್ದು. ಆಕೀ ಬಾಯಾಗಿಂದ ಏನೂ ತಗೀಬ್ಯಾಡ್ರಿ, ಏನೂ ಹಾಕಬ್ಯಾಡ್ರಿ" ಎಂದಳು.

ಬಂದವರು ಜಮಖಾನೆಯ ಮೇಲೆ ಗೋಡೆಗೆ ಒರಗಿ ಸುತ್ತ ಕೂತರು. ನಾನು ಚಹಾದ ತಾಟು ಹಿಡಿದು ನಡುವೆ ಬಂದು ನಿಂತೆ. ಎಲ್ಲರ ಕಣ್ಣೂ ನನ್ನ ಮೇಲೆ. ಹಿತ್ತಲಿಗೆ ಓಡಬೇಕೆನ್ನಿಸಿತು, ತಾಟು ಬಿಗಿಯಾಗಿ ಹಿಡಿದೆ. ಹುಡುಗನ ತಾಯಿ, ಸ್ಥೂಲ ದೇಹದ ಹೆಂಗಸು, ಅಡುಗೆ ಬರುತ್ತದೆಯೇ, ಸಾಲೆ ಎಲ್ಲಿಯವರೆಗೆ ಎಂದು ಕೇಳಿದರು. ಆಮೇಲೆ, "ಪ್ರಕೃತಿ ಹೆಂಗೈತಿ ಹುಡಿಗೀದು?" ಎಂದರು.

"ಏನೂ ತಕರಾರ ಇಲ್ರಿ" ಎಂದ ಕಾಕಾ.

ಸುಮ್ಮನಿದ್ದರೆ ಮುಗಿಯುತ್ತಿತ್ತು. ಆದರೆ ನನಗೆ ಆಗಿದ್ದು ಏನೆಂದು ನನಗೆ ಗೊತ್ತಿತ್ತು. ಅದನ್ನು ಇನ್ನೊಮ್ಮೆ ಬೇರೆಯವರ ಬಾಯಿಗೆ ಕೊಡಲು ಮನಸ್ಸಾಗಲಿಲ್ಲ.

"ನನಗ ಒಂದ ಥರದ ಫಿಟ್ಸ್ ಐತ್ರಿ" ಎಂದೆ. "ಬೀಳೂದಿಲ್ಲ. ಒಂದ ಗಳಿಗಿ ಇಲ್ಲದಂಗ ಆಗ್ತೇನಿ. ಗುಳಿಗಿ ತಗೋತೇನಿ. ಬಂದ ಭಾಳ ದಿವಸ ಆದುವು, ಆದ್ರ ಮತ್ತ ಬಂದ್ರೂ ಬರಬಹುದ್ರಿ."

ಅವ್ವ ಒಳಗಿನ ಬಾಗಿಲಲ್ಲಿ ಕಣ್ಣು ಮುಚ್ಚಿಕೊಂಡಳು. ಇನ್ನು ಒಬ್ಬೊಬ್ಬರಾಗಿ ಶುರು ಮಾಡುತ್ತಾರೆ ಎಂದು ನಾನು ಕಾಲು ಊರಿ ನಿಂತೆ.

ಹುಡುಗನ ತಾಯಿ ನನ್ನನ್ನೇ ನೋಡುತ್ತಿದ್ದರು. "ಅದು ಬಂದಾಗ ನಾವೇನ ಮಾಡಬೇಕವಾ?" ಎಂದು ಕೇಳಿದರು.

ಯಾಕೆ ಮಾಡುತ್ತೀ ಎಂದು ನನ್ನನ್ನು ಕೇಳದವರಿಲ್ಲ. ನಾವೇನು ಮಾಡಬೇಕು ಎಂದು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ನಿಂತು ವಿಚಾರ ಮಾಡಿ ಹೇಳಬೇಕಾಯಿತು.

"ಏನೂ ಮಾಡಬ್ಯಾಡ್ರಿ. ಕೈಯಾಗ ಬಿಸೀದ ಏನರ ಇದ್ರ ಇಸ್ಕೊಳ್ರಿ. ಬಾಜೂಕ ಇರ್ರಿ. ನಾ ತಿರುಗಿ ಬರ್ತೇನಿ."

"ಅಷ್ಟ ಏನು?"

"ಅಷ್ಟರಿ."

"ಹಂಗಾರ ಅದನ್ನ ಇತ್ತ ಕೊಡು" ಎಂದು ಅವರು ಕೈ ಚಾಚಿ ನನ್ನ ಕೈಯಿಂದ ಚಹಾದ ತಾಟು ಇಸಿದುಕೊಂಡರು. ಆಮೇಲೆ ಕಷ್ಟಪಟ್ಟು ಒಂದಿಷ್ಟು ಸರಿದು, ಗೋಡೆಯ ಕಡೆ ತಮ್ಮ ಬಾಜೂಕ ಜಾಗ ಮಾಡಿದರು. ನಾನು ಹೋಗಿ ಅಲ್ಲಿ ಕೂತೆ.